ಅವಕೆಂಪು ಬೆಳಕಿನಲ್ಲಿ ಸಾವಯವ ಅಣುಗಳ ಗುರುತು: ಕೊಲಾಬದ ಉಪಕರಣಗಳು ಮತ್ತು ದೂರದ ನೀಹಾರಿಕೆಗಳು

1. ಸಂಕೀರ್ಣ ಸಾವಯವ ಅಣುಗಳು

ನಕ್ಷತ್ರಗಳ ನಡುವಿನ ಅವಕಾಶ ಪೂರ್ತಿ ಬರಿದಲ್ಲ. ತೆಳುವಾದ ಅನಿಲ, ಅದರೊಡನೆ ಬೆರೆತ ಸೂಕ್ಷ್ಮ ದೂಳು ಅಲ್ಲಿ ಹರಡಿಕೊಂಡಿವೆ. ಕೆಲವೆಡೆ ಅವು ಒಟ್ಟುಗೂಡಿ ಮೋಡಗಳಾಗುತ್ತವೆ. ಆ ಮೋಡಗಳೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಈ ಮೋಡಗಳಲ್ಲಿ ಮತ್ತು ವಯಸ್ಸಾದ ನಕ್ಷತ್ರಗಳ ಸುತ್ತಲಿನ ಅನಿಲದಲ್ಲಿ ಇದುವರೆಗೆ ಮುನ್ನೂರಕ್ಕೂ ಹೆಚ್ಚು ಬಗೆಯ ಅಣುಗಳು ಪತ್ತೆಯಾಗಿವೆ. ಅವುಗಳ ಪೈಕಿ ಇಂಗಾಲವುಳ್ಳ, ಆರು ಅಥವಾ ಅದಕ್ಕಿಂತ ಹೆಚ್ಚು ಪರಮಾಣುಗಳಿಂದಾದ ಅಣುಗಳನ್ನು ಖಗೋಳ ರಸಾಯನದಲ್ಲಿ ಸಂಕೀರ್ಣ ಸಾವಯವ ಅಣುಗಳು ಎಂದು ಕರೆಯುವುದು ರೂಢಿ. ಪ್ರಯೋಗಾಲಯದಲ್ಲಿ ಮೆಥನಾಲ್ ತೀರ ಸರಳ ವಸ್ತು. ಆದರೆ ನಿರಪೇಕ್ಷ ಶೂನ್ಯಕ್ಕಿಂತ ಹತ್ತೇ ಡಿಗ್ರಿ ಮೇಲಿರುವ ಮೋಡದಲ್ಲಿ, ಒಂದು ಪರಮಾಣು ಇನ್ನೊಂದನ್ನು ಎದುರುಗೊಳ್ಳುವುದೇ ಅಪರೂಪವಾದ ಕಡೆ, ಆರು ಪರಮಾಣುಗಳು ಒಂದಾಗಿ ಮೆಥನಾಲ್ ಆಗುವುದು ಸಣ್ಣ ಸಂಗತಿಯಲ್ಲ.

ಈ ಅಣುಗಳ ಮಹತ್ವ ಅವುಗಳ ಮುಂದಿನ ಹಾದಿಯಲ್ಲಿದೆ. ಮೋಡ ಕುಸಿದು ನಕ್ಷತ್ರವಾಗುವಾಗ ಉಳಿದ ಅನಿಲ, ದೂಳು, ಹಿಮ ಅದರ ಸುತ್ತ ತಟ್ಟೆಯಾಗಿ ತಿರುಗುತ್ತವೆ. ಆ ತಟ್ಟೆಯಲ್ಲಿ ಗ್ರಹಗಳೂ ಧೂಮಕೇತುಗಳೂ ರೂಪುಗೊಳ್ಳುತ್ತವೆ. ಒಂದು ಗ್ರಹಕ್ಕೆ ಹುಟ್ಟಿನಲ್ಲೇ ಯಾವ ಸಾವಯವ ಸಾಮಗ್ರಿ ದೊರಕುತ್ತದೆ ಎಂಬುದನ್ನು ಅರಿಯಲು ಮೊದಲು ಆ ಮೋಡದಲ್ಲಿ ಏನಿದೆ ಎಂದು ತಿಳಿಯಬೇಕು. ಅಲ್ಲಿಂದ ಮಾದರಿಯನ್ನು ತರುವ ದಾರಿಯಿಲ್ಲ. ಬರುವುದು ಬೆಳಕು ಮಾತ್ರ. ಆದ್ದರಿಂದ ಬೆಳಕನ್ನು ಓದುವ ವಿಧಾನ ಎಷ್ಟು ಖಚಿತವೋ ಅಣುವಿನ ಹೆಸರೂ ಅಷ್ಟೇ ಖಚಿತ.

ಅವಕೆಂಪು ಬೆಳಕಿನ ವಿಷಯದಲ್ಲಿ ಒಂದು ಭೇದವನ್ನು ಆರಂಭದಿಂದಲೇ ಗಮನದಲ್ಲಿಡಬೇಕು. ಅದು ಮೊದಲು ತೋರಿಸುವುದು ರಾಸಾಯನಿಕ ಬಂಧವನ್ನು. ಬಂಧ ತಿಳಿದರೆ ಅಣುವಿನ ಕುಲ ತಿಳಿಯುತ್ತದೆ. ಕುಲದಿಂದ ನಿರ್ದಿಷ್ಟ ಅಣುವಿನ ಹೆಸರಿಗೆ ಹೋಗಲು ಹೆಚ್ಚಿನ ಸಾಕ್ಷ್ಯ ಬೇಕು. ಕಳೆದ ಐವತ್ತು ವರ್ಷಗಳ ಅವಕೆಂಪು ಖಗೋಳ ವಿಜ್ಞಾನ ಬಹುಮಟ್ಟಿಗೆ ಈ ಎರಡರ ನಡುವಿನ ದೂರವನ್ನು ಕ್ರಮಿಸಿದ ಚರಿತ್ರೆ. ಮುಂಬಯಿಯ ಕೊಲಾಬದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಈ ಚರಿತ್ರೆಯಲ್ಲಿ ತನ್ನದೇ ಪಾಲು ಪಡೆದಿದೆ.

2. ಬಂಧದ ಕಂಪನ, ಬೆಳಕಿನ ಪಟ್ಟಿ

ಕಣ್ಣಿಗೆ ಕಾಣುವ ಕೆಂಪಿನ ಆಚೆಗೂ ಬೆಳಕು ಇದೆಯೆಂದು ವಿಲಿಯಂ ಹರ್ಷೆಲ್ 1800ರಲ್ಲಿ ತೋರಿಸಿದರು. ಈ ಅವಕೆಂಪು ಬೆಳಕಿನ ತರಂಗದೂರವನ್ನು ಮೈಕ್ರಾನ್‌ಗಳಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಸ್ಥೂಲವಾಗಿ 1ರಿಂದ 5 ಮೈಕ್ರಾನ್‌ವರೆಗೆ ಸಮೀಪ ಅವಕೆಂಪು, 5ರಿಂದ 30ರವರೆಗೆ ಮಧ್ಯ ಅವಕೆಂಪು, ಅದರಾಚೆಗೆ ಕೆಲವು ನೂರು ಮೈಕ್ರಾನ್‌ವರೆಗೆ ದೂರ ಅವಕೆಂಪು.

ಅಣುವಿನಲ್ಲಿ ಪರಮಾಣುಗಳು ನಿಶ್ಚಲವಾಗಿರುವುದಿಲ್ಲ. ಸ್ಪ್ರಿಂಗಿನ ಎರಡು ತುದಿಗೆ ಕಟ್ಟಿದ ಗುಂಡುಗಳಂತೆ ಅವು ಕಂಪಿಸುತ್ತವೆ. ಗುಂಡು ಹಗುರವಾಗಿದ್ದಷ್ಟೂ, ಸ್ಪ್ರಿಂಗು ಬಿಗಿಯಾಗಿದ್ದಷ್ಟೂ ಕಂಪನ ವೇಗವಾಗುತ್ತದೆ, ಅದಕ್ಕೆ ತಕ್ಕ ಬೆಳಕಿನ ತರಂಗದೂರ ಕಿರಿದಾಗುತ್ತದೆ. ಹೈಡ್ರೋಜನ್ ಎಲ್ಲಕ್ಕಿಂತ ಹಗುರವಾದ್ದರಿಂದ ಆಮ್ಲಜನಕ-ಹೈಡ್ರೋಜನ್ ಬಂಧದ ಎಳೆತ 3 ಮೈಕ್ರಾನ್ ಬಳಿ, ಇಂಗಾಲ-ಹೈಡ್ರೋಜನ್ ಬಂಧದ ಎಳೆತ 3.3ರಿಂದ 3.5 ಮೈಕ್ರಾನ್ ಬಳಿ ಕಾಣಿಸುತ್ತದೆ. ಇಂಗಾಲ-ಆಮ್ಲಜನಕ ದ್ವಿಬಂಧದ ಎಳೆತ 5.8 ಮೈಕ್ರಾನ್ ಸುಮಾರಿಗೆ ಬರುತ್ತದೆ. ಬಂಧ ಬಾಗುವ ಚಲನೆಗಳಿಗೂ ಇಡೀ ಅಣುವೇ ಓಲಾಡುವ ಚಲನೆಗಳಿಗೂ ಇನ್ನೂ ಉದ್ದದ ತರಂಗಗಳು ಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿಲಿಯಂ ಕೋಬ್ಲೆಂಟ್ಸ್ ನೂರಕ್ಕೂ ಹೆಚ್ಚು ವಸ್ತುಗಳ ಅವಕೆಂಪು ರೋಹಿತಗಳನ್ನು ಅಳೆದು, ಒಂದೇ ಬಗೆಯ ಪರಮಾಣು ಗುಂಪು ಎಲ್ಲಿದ್ದರೂ ಸುಮಾರಾಗಿ ಅದೇ ಜಾಗದಲ್ಲಿ ಪಟ್ಟಿ ಮೂಡಿಸುತ್ತದೆ ಎಂಬುದಕ್ಕೆ ಆಧಾರ ಒದಗಿಸಿದರು.

ಎಲ್ಲ ಕಂಪನಗಳೂ ಬೆಳಕಿಗೆ ಸ್ಪಂದಿಸುವುದಿಲ್ಲ. ಕಂಪಿಸುವಾಗ ಅಣುವಿನ ವಿದ್ಯುದಂಶದ ಹಂಚಿಕೆ ವಾಲಿದರೆ, ಅಂದರೆ ದ್ವಿಧ್ರುವದ ಅಳತೆ ಬದಲಾದರೆ ಮಾತ್ರ ಆ ಕಂಪನ ಅವಕೆಂಪಿನಲ್ಲಿ ಕಾಣುತ್ತದೆ. ಬೆಂಜೀನಿನ ಹನ್ನೆರಡು ಪರಮಾಣುಗಳಿಗೆ 30 ಕಂಪನ ವಿಧಗಳಿವೆ; ಅಣುವಿನ ಸಮ್ಮಿತಿಯಿಂದಾಗಿ ಅವಕೆಂಪಿನಲ್ಲಿ ಕಾಣುವ ಮೂಲ ಪಟ್ಟಿಗಳು ನಾಲ್ಕೇ. ಅರವತ್ತು ಇಂಗಾಲ ಪರಮಾಣುಗಳ ಚೆಂಡಿನಾಕಾರದ ಫುಲ್ಲರೀನ್ ಅಣುವಿಗೆ 174 ಕಂಪನ ವಿಧಗಳಿದ್ದರೂ ಕಾಣುವ ಪಟ್ಟಿಗಳು ಅಲ್ಲೂ ನಾಲ್ಕೇ. ಈ ಮಿತಿಯ ಮಗ್ಗುಲಲ್ಲೇ ಅವಕೆಂಪಿನ ದೊಡ್ಡ ಅನುಕೂಲವೂ ಇದೆ. ರೇಡಿಯೊ ದೂರದರ್ಶಕ ಕಾಣುವುದು ಅಣು ತಿರುಗುವಾಗ ಹೊರಡುವ ಅಲೆಗಳನ್ನು. ಅದಕ್ಕೆ ಅಣುವಿಗೆ ಶಾಶ್ವತ ದ್ವಿಧ್ರುವ ಇರಲೇಬೇಕು. ಬೆಂಜೀನ್, ಅಸಿಟಿಲೀನ್, ಮೀಥೇನ್, ಫುಲ್ಲರೀನ್ ಇವುಗಳಿಗೆ ಅದಿಲ್ಲ. ರೇಡಿಯೊಗೆ ಸಿಗದ ಇವು ಅವಕೆಂಪಿಗೆ ಸಿಗುತ್ತವೆ. ದೂಳಿನ ಕಣಗಳ ಮೇಲೆ ಹೆಪ್ಪುಗಟ್ಟಿದ ಅಣು ತಿರುಗಲಾರದು, ಆದರೆ ಕಂಪಿಸಬಲ್ಲದು. ಆದಕಾರಣ ಹಿಮದಲ್ಲಿರುವ ಅಣುಗಳನ್ನು ಕಾಣಲು ಅವಕೆಂಪೇ ಗತಿ.

ಇದೇ ತತ್ವವನ್ನು ಮುಂಬಯಿ ಮತ್ತು ಉಪನಗರಗಳ ರಸಾಯನ ಪ್ರಯೋಗಾಲಯಗಳು ದಿನನಿತ್ಯ ಬಳಸುತ್ತವೆ. ಅಂಧೇರಿಯಿಂದ ಅಂಬರನಾಥದವರೆಗಿನ ಔಷಧ ಕಾರ್ಖಾನೆಗಳಲ್ಲಿ ಬಂದ ಕಚ್ಚಾವಸ್ತು ಹೇಳಿದ ವಸ್ತುವೇ ಹೌದೇ ಎಂದು ನೋಡಲು ಅವಕೆಂಪು ರೋಹಿತಮಾಪಕದಲ್ಲಿ ಅದರ ರೋಹಿತ ತೆಗೆದು ಪ್ರಮಾಣಿತ ರೋಹಿತದೊಡನೆ ಹೋಲಿಸುತ್ತಾರೆ. ಸುಮಾರು 7 ಮೈಕ್ರಾನ್‌ನಿಂದಾಚೆ ಪಟ್ಟಿಗಳ ಜಾಲ ಪ್ರತಿ ಅಣುವಿಗೂ ಬೇರೆ. ಆ ವಲಯಕ್ಕೆ ಬೆರಳಚ್ಚು ವಲಯವೆಂದೇ ಹೆಸರು. ಆದರೆ ಕಾರ್ಖಾನೆಯ ವಸ್ತು ಶುದ್ಧ, ತಾಪ ಗೊತ್ತಿರುವಂಥದು, ಮಾದರಿ ಕೈಯಲ್ಲೇ ಇರುವಂಥದು. ನೀಹಾರಿಕೆಯಲ್ಲಿ ನೂರಾರು ಅಣುಗಳು ಬೆರೆತಿವೆ, ತಾಪವನ್ನು ಊಹಿಸಬೇಕು, ನಡುವೆ ದೂಳಿದೆ, ಕೊನೆಯಲ್ಲಿ ಭೂಮಿಯ ವಾತಾವರಣವಿದೆ. ಅಲ್ಲಿಯ ಹೋಲಿಕೆ ಇಷ್ಟು ನೇರವಾಗಿರಲಾರದು.

3. ವಾತಾವರಣವೆಂಬ ಅಡ್ಡಿ

ಅವಕೆಂಪು ಬೆಳಕನ್ನು ಭೂಮಿಯ ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತವೆ. ಆದ್ದರಿಂದ ನೆಲಕ್ಕೆ ತಲುಪುವುದು ಕೆಲವು ಕಿಟಕಿಗಳ ಬೆಳಕು ಮಾತ್ರ: 1.25, 1.65, 2.2, 3.5, 4.8 ಮತ್ತು 10 ಮೈಕ್ರಾನ್‌ಗಳ ಆಸುಪಾಸು. 5.5ರಿಂದ 7.5 ಮೈಕ್ರಾನ್‌ವರೆಗೆ ನೀರಾವಿ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಸಾವಯವ ಅಣುಗಳ ಅನೇಕ ಮುಖ್ಯ ಪಟ್ಟಿಗಳು ಇರುವುದು ಅಲ್ಲಿಯೇ.

ಎರಡನೆಯ ಅಡ್ಡಿ ಶಾಖ. ಸುಮಾರು 300 ಕೆಲ್ವಿನ್ ತಾಪದ ಯಾವುದೇ ವಸ್ತು 10 ಮೈಕ್ರಾನ್ ಬಳಿ ಅತಿ ಹೆಚ್ಚು ಬೆಳಗುತ್ತದೆ. ದೂರದರ್ಶಕದ ಕನ್ನಡಿ, ಅದರ ಕೊಳವೆ, ಮೇಲಿನ ಗಾಳಿ ಎಲ್ಲವೂ ಹಾಗೆ ಬೆಳಗುತ್ತಿರುತ್ತವೆ. ಆ ಬೆಳಕಿನ ನಡುವೆ ನೀಹಾರಿಕೆಯ ಕ್ಷೀಣ ಬೆಳಕನ್ನು ಹೆಕ್ಕಬೇಕು. 3 ಮೈಕ್ರಾನ್ ದಾಟಿದೊಡನೆ ಈ ತೊಂದರೆ ತೀವ್ರವಾಗುತ್ತದೆ.

ಕಡಲ ಮಟ್ಟದ ಮುಂಬಯಿಯ ತೇವದ ಗಾಳಿಯಲ್ಲಿ ಈ ವೀಕ್ಷಣೆ ಸಾಧ್ಯವಿಲ್ಲ. ಆದ್ದರಿಂದ ಕೊಲಾಬದಲ್ಲಿ ಉಪಕರಣವನ್ನು ಕಟ್ಟುವುದು, ಒಣ ಗಾಳಿಯ ಎತ್ತರಕ್ಕೆ ಒಯ್ದು ನೋಡುವುದು ಎಂಬ ಪದ್ಧತಿ ಬೆಳೆಯಿತು. ಹಿಮಾಲಯದ ಶಿಖರಗಳು ಒಂದು ದಾರಿ, ಬಲೂನು ಎರಡನೆಯದು, ಉಪಗ್ರಹ ಮೂರನೆಯದು.

4. ಕೊಲಾಬದಲ್ಲಿ ರೂಪುಗೊಂಡ ಉಪಕರಣಗಳು

ಟಿಐಎಫ್‌ಆರ್ 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹೋಮಿ ಭಾಭಾ ಅವರ ನೇತೃತ್ವದಲ್ಲಿ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಬಂತು. ವಿಶ್ವಕಿರಣಗಳ ಅಧ್ಯಯನಕ್ಕಾಗಿ ಬೆಳೆದ ಅದರ ಬಲೂನು ಪರಂಪರೆ ಅವಕೆಂಪು ಖಗೋಳಕ್ಕೂ ನೆಲೆಯಾಯಿತು. ಸಂಸ್ಥೆಯ ಅವಕೆಂಪು ಗುಂಪು 100 ಸೆಂಟಿಮೀಟರ್ ವ್ಯಾಸದ ದೂರದರ್ಶಕವನ್ನು ಕಟ್ಟಿ, ಹೈದರಾಬಾದಿನಲ್ಲಿರುವ ಸಂಸ್ಥೆಯ ಬಲೂನು ಕೇಂದ್ರದಿಂದ ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಹಾರಿಸಿತು. ಆ ಎತ್ತರದಲ್ಲಿ ವಾತಾವರಣದ ಶೇಕಡ ತೊಂಬತ್ತೆಂಟಕ್ಕೂ ಹೆಚ್ಚು ಭಾಗ ಕೆಳಗುಳಿದಿರುತ್ತದೆ. ದ್ರವ ಹೀಲಿಯಂನಿಂದ ತಣಿಸಿದ ಬೋಲೋಮೀಟರ್‌ಗಳು ನಕ್ಷತ್ರಗಳು ಹುಟ್ಟುವ ತಾಣಗಳ ತಣ್ಣನೆಯ ದೂಳಿನ ದೂರ ಅವಕೆಂಪು ಬೆಳಕನ್ನು ಅಳೆದವು.

1999ರಿಂದ ಇದೇ ದೂರದರ್ಶಕಕ್ಕೆ ಜಪಾನಿನ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಯ ಫ್ಯಾಬ್ರಿ-ಪೆರೊ ರೋಹಿತಮಾಪಕವನ್ನು ಜೋಡಿಸಿ ಹಾರಿಸಲಾಯಿತು. ಅದರ ಗುರಿ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲ ಪರಮಾಣು 158 ಮೈಕ್ರಾನ್‌ನಲ್ಲಿ ಸೂಸುವ ರೇಖೆ. ಒರಾಯನ್‌ನಂಥ ತಾಣಗಳಲ್ಲಿ ಈ ರೇಖೆಯ ವಿಶಾಲ ನಕ್ಷೆಗಳು ಹೀಗೆ ದೊರೆತವು. ಇದು ಅಣುವಿನ ರೇಖೆಯಲ್ಲ, ಆದರೆ ಅಣುಗಳ ಪರಿಸರವನ್ನು ಹೇಳುತ್ತದೆ. ಎಳೆಯ ನಕ್ಷತ್ರದ ಅತಿನೇರಳೆ ಬೆಳಕು ದೊಡ್ಡ ಸಾವಯವ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಹೊರದೂಡಿ ಅನಿಲವನ್ನು ಕಾಯಿಸುತ್ತದೆ. ಅದೇ ಅನಿಲ 158 ಮೈಕ್ರಾನ್ ರೇಖೆಯ ಮೂಲಕ ತಣಿಯುತ್ತದೆ. ಒಂದು ಕಡೆ ಸಾವಯವ ಅಣುಗಳ ಪಟ್ಟಿ, ಇನ್ನೊಂದು ಕಡೆ ಇಂಗಾಲದ ಈ ರೇಖೆ ಎರಡನ್ನೂ ಅಳೆದರೆ ಮೋಡದ ಅಂಚಿನಲ್ಲಿ ಶಕ್ತಿಯ ಜಮಾಖರ್ಚು ತಿಳಿಯುತ್ತದೆ.

ಸಾವಯವ ಅಣುಗಳಿಗೆ ಅತಿ ಹತ್ತಿರದ ಉಪಕರಣ ಟರ್‌ಕ್ಯಾಮ್-2 ಎಂಬ ಛಾಯಾಗ್ರಾಹಕ. ಟಿಐಎಫ್‌ಆರ್‌ನ ಅವಕೆಂಪು ಗುಂಪು ಕಟ್ಟಿದ ಇದು, ಬೆಂಜೀನ್ ಉಂಗುರಗಳು ಕೂಡಿ ಆದ ಬಹುಚಕ್ರೀಯ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳ 3.3 ಮೈಕ್ರಾನ್ ಪಟ್ಟಿಯ ನಕ್ಷೆ ತಯಾರಿಸಬಲ್ಲದು. ಇದರ ಹೃದಯ 512×512 ಬಿಂದುಗಳ ಇಂಡಿಯಂ ಆಂಟಿಮೊನೈಡ್ ಪತ್ತೆಕಾರಕ. ಹೀಲಿಯಂ ಅನಿಲದ ಮುಚ್ಚಿದ ಚಕ್ರದ ಶೀತಕ ಅದನ್ನು 35 ಕೆಲ್ವಿನ್‌ಗೆ, ಅಂದರೆ ಶೂನ್ಯಕ್ಕಿಂತ 238 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಡುತ್ತದೆ. ಮೊದಲಿಗೆ ಈ ಛಾಯಾಗ್ರಾಹಕ ಪುಣೆ ಜಿಲ್ಲೆಯ ಗಿರಾವಳಿಯ 2 ಮೀಟರ್ ದೂರದರ್ಶಕದಲ್ಲೂ ಅಬು ಪರ್ವತದ ಗುರುಶಿಖರದ 1.2 ಮೀಟರ್ ದೂರದರ್ಶಕದಲ್ಲೂ ಕೆಲಸ ಮಾಡಿತು. ಅನಂತರ ನೈನಿತಾಲ್ ಸಮೀಪದ ದೇವಸ್ಥಲದ 3.6 ಮೀಟರ್ ದೂರದರ್ಶಕಕ್ಕೆ ಹೋಗಿ 2017ರ ಮೇ ತಿಂಗಳಿಂದ ಭಾರತ ಮತ್ತು ಬೆಲ್ಜಿಯಂನ ಖಗೋಳ ವಿಜ್ಞಾನಿಗಳಿಗೆ ತೆರೆದುಕೊಂಡಿತು.

ಇದರ ಕೆಲಸದ ಕ್ರಮ ಬಂಧವನ್ನು ಹೇಗೆ ಗುರುತಿಸುತ್ತಾರೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಒಂದೇ ತಾಣವನ್ನು ಎರಡು ಕಿರಿದಾದ ಸೋಸುಗಗಳ ಮೂಲಕ ನೋಡುತ್ತಾರೆ. ಒಂದು 3.3 ಮೈಕ್ರಾನ್ ಪಟ್ಟಿಯ ಮೇಲೆಯೇ ಕೂತಿದೆ, ಇನ್ನೊಂದು 3.59 ಮೈಕ್ರಾನ್‌ನಲ್ಲಿ, ಪಟ್ಟಿಯಿಂದ ಹೊರಗೆ. ಎರಡನೆಯದರಲ್ಲಿ ಬರುವುದು ನಕ್ಷತ್ರಗಳ ಮತ್ತು ಕಾದ ದೂಳಿನ ಬೆಳಕು. ಮೊದಲನೆಯದರಿಂದ ಅದನ್ನು ಕಳೆದರೆ ಉಳಿಯುವುದು ಅಣುಗಳ ಹೊಳಪು. ಆಕಾಶದ ಶಾಖ ಪತ್ತೆಕಾರಕವನ್ನು ಬೇಗನೆ ತುಂಬಿಬಿಡುವುದರಿಂದ ಅತಿ ಕಿರು ಅವಧಿಯ ಅನೇಕ ಚಿತ್ರಗಳನ್ನು ತೆಗೆದು ಕೂಡಿಸಬೇಕಾಗುತ್ತದೆ. ಶಾರ್ಪ್‌ಲೆಸ್ 2-61ರಂಥ ಪ್ರಬಲ ತಾಣಗಳ 3.3 ಮೈಕ್ರಾನ್ ಹೊಳಪು ದೇವಸ್ಥಲದಿಂದ ಹೀಗೆ ಕಾಣುತ್ತದೆ.

ಇದೇ ಗುಂಪಿನ ಟರ್‌ಸ್ಪೆಕ್ ಎಂಬ ರೋಹಿತಮಾಪಕ 2013ರಿಂದ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿದೆ. ಆ 2 ಮೀಟರ್ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಉಪಗ್ರಹ ಸಂಪರ್ಕದ ಮೂಲಕ ಅದನ್ನು ಚಲಾಯಿಸುವ ಕೇಂದ್ರ ಬೆಂಗಳೂರು ಸಮೀಪದ ಹೊಸಕೋಟೆಯಲ್ಲಿದೆ. ಮುಂಬಯಿಯ ಗುಂಪಿನ ಉಪಕರಣ ಲಡಾಖಿನಲ್ಲಿ ನೋಡಿದ್ದು ಹೀಗೆ ಹೊಸಕೋಟೆಗೆ ಬಂದು ಸೇರುತ್ತದೆ. ನೈನಿತಾಲಿನ ಏರೀಸ್ ಸಂಸ್ಥೆಯೊಡನೆ ಸೇರಿ ರೂಪಿಸಿದ ಟ್ಯಾನ್‌ಸ್ಪೆಕ್ ರೋಹಿತಮಾಪಕ ದೇವಸ್ಥಲದಲ್ಲಿ 0.55ರಿಂದ 2.5 ಮೈಕ್ರಾನ್‌ವರೆಗೆ ನೋಡುತ್ತದೆ. ಈ ಎರಡೂ ಉಪಕರಣಗಳು ಸಂಕೀರ್ಣ ಸಾವಯವ ಅಣುಗಳ ಮುಖ್ಯ ಪಟ್ಟಿಗಳನ್ನು ತಲುಪುವುದಿಲ್ಲ. ಆದರೆ 2.12 ಮೈಕ್ರಾನ್‌ನ ಹೈಡ್ರೋಜನ್ ಅಣುವಿನ ರೇಖೆ, 2.17 ಮೈಕ್ರಾನ್‌ನ ಹೈಡ್ರೋಜನ್ ಪರಮಾಣುವಿನ ರೇಖೆ ಮುಂತಾದವನ್ನು ಅಳೆದು ತಾಣದ ತಾಪವನ್ನೂ ಅತಿನೇರಳೆ ಬೆಳಕಿನ ಬಲವನ್ನೂ ಅರಿಯಲು ನೆರವಾಗುತ್ತವೆ. ಅಣುವಿನ ಪಟ್ಟಿಯನ್ನು ಅರ್ಥೈಸಲು ಈ ಎರಡು ಅಳತೆಗಳು ಬೇಕೇ ಬೇಕು.

5. ಆರೋಮ್ಯಾಟಿಕ್ ಪಟ್ಟಿಗಳು: ಕುಲ ತಿಳಿದ ಬಗೆ

1973ರಲ್ಲಿ ಗಿಲೆಟ್, ಫಾರೆಸ್ಟ್ ಮತ್ತು ಮೆರಿಲ್ ಎಂಬ ಅಮೆರಿಕದ ವಿಜ್ಞಾನಿಗಳು ಎನ್‌ಜಿಸಿ 7027 ಮೊದಲಾದ ನೀಹಾರಿಕೆಗಳಲ್ಲಿ 11.3 ಮೈಕ್ರಾನ್ ಬಳಿ ಒಂದು ಅಗಲವಾದ ಪಟ್ಟಿಯನ್ನು ಕಂಡರು. ಮುಂದಿನ ಕೆಲವು ವರ್ಷಗಳಲ್ಲಿ 3.3, 6.2, 7.7, 8.6 ಮೈಕ್ರಾನ್‌ಗಳಲ್ಲೂ ಇಂಥ ಪಟ್ಟಿಗಳು ದೊರೆತವು. ಒಂದು ಕಂಡಲ್ಲಿ ಉಳಿದವೂ ಕಾಣುತ್ತಿದ್ದವು. ಅವುಗಳ ಮೂಲ ಬಹುಕಾಲ ತಿಳಿಯದೆ, ಗುರುತಿಸಲಾಗದ ಅವಕೆಂಪು ಪಟ್ಟಿಗಳು ಎಂಬ ಹೆಸರಿನಲ್ಲೇ ಅವು ನಡೆದುಬಂದವು.

ಬಿಡಿಸಲು ಕಷ್ಟವಾದದ್ದು ತಾಪದ ವಿಚಾರ. 3.3 ಮೈಕ್ರಾನ್‌ನಲ್ಲಿ ಹೊಳೆಯಬೇಕಾದರೆ ವಸ್ತು ಸುಮಾರು ಸಾವಿರ ಕೆಲ್ವಿನ್‌ನಷ್ಟು ಕಾದಿರಬೇಕು. ಆದರೆ ನಕ್ಷತ್ರದಿಂದ ಬಹಳ ದೂರದ ತಣ್ಣನೆಯ ಮೋಡಗಳಲ್ಲೂ ಈ ಪಟ್ಟಿ ಕಾಣುತ್ತಿತ್ತು. 1984ರಲ್ಲಿ ಫ್ರಾನ್ಸಿನ ಲೆಜೆ ಮತ್ತು ಪ್ಯೂಜೆ, 1985ರಲ್ಲಿ ಅಲ್ಲಮಂಡೋಲ, ಟೀಲೆನ್ಸ್ ಮತ್ತು ಬಾರ್ಕರ್ ಇದಕ್ಕೆ ಉತ್ತರ ಕೊಟ್ಟರು. ಹೊಳೆಯುತ್ತಿರುವುದು ದೂಳಿನ ಕಣವಲ್ಲ, ಬಿಡಿ ಅಣು. ಐವತ್ತರಷ್ಟು ಇಂಗಾಲ ಪರಮಾಣುಗಳ ಅಣು ಒಂದೇ ಒಂದು ಅತಿನೇರಳೆ ಫೋಟಾನನ್ನು ಹೀರಿದರೂ ಕ್ಷಣಕಾಲ ಸಾವಿರ ಕೆಲ್ವಿನ್‌ಗೆ ಏರುತ್ತದೆ, ಅನಂತರ ಅವಕೆಂಪು ಬೆಳಕನ್ನು ಸೂಸಿ ತಣಿಯುತ್ತದೆ. ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಹಾಳೆಯಂತೆ ಹರಡಿದ ಬಹುಚಕ್ರೀಯ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು, ಚಿಕ್ಕದಾಗಿ ಪಿಎಎಚ್‌ಗಳು, ಈ ವಿವರಣೆಗೆ ಹೊಂದಿದವು. ನುಸಿಗುಳಿಗೆಯ ನ್ಯಾಫ್ತಲೀನ್ ಎರಡು ಉಂಗುರಗಳ ಅತಿ ಚಿಕ್ಕ ಪಿಎಎಚ್. ವಾಹನಗಳ ಹೊಗೆಯ ಮಸಿಯಲ್ಲಿ ಹೆಚ್ಚು ಉಂಗುರಗಳವು ಇರುತ್ತವೆ.

ಪ್ರತಿ ಪಟ್ಟಿಗೂ ಒಂದು ಚಲನೆ ಹೊಂದಿಕೊಂಡಿದೆ. 3.3 ಮೈಕ್ರಾನ್ ಇಂಗಾಲ-ಹೈಡ್ರೋಜನ್ ಬಂಧದ ಎಳೆತ. 6.2 ಇಂಗಾಲ-ಇಂಗಾಲ ಬಂಧದ ಎಳೆತ. 7.7ರಲ್ಲಿ ಅದೇ ಎಳೆತದೊಡನೆ ಹಾಳೆಯ ಸಮತಲದಲ್ಲಿ ಹೈಡ್ರೋಜನ್ ಬಾಗುವ ಚಲನೆ ಬೆರೆತಿದೆ. 8.6 ಸಮತಲದೊಳಗಿನ ಬಾಗುವಿಕೆ. 11.3 ಮತ್ತು 12.7 ಸಮತಲದಿಂದ ಹೊರಕ್ಕೆ ಬಾಗುವ ಚಲನೆ. ಅಂಚಿನಲ್ಲಿ ಹೈಡ್ರೋಜನ್ ಒಂಟಿಯಾಗಿದೆಯೇ, ಪಕ್ಕದಲ್ಲಿ ಜೊತೆಯಿದೆಯೇ ಎಂಬುದರ ಮೇಲೆ ಪಟ್ಟಿಯ ಸ್ಥಾನ ಬದಲಾಗುತ್ತದೆ. ಪಟ್ಟಿಗಳ ಪರಸ್ಪರ ಬಲವೂ ಮಾತಾಡುತ್ತದೆ. ವಿದ್ಯುದಂಶವಿಲ್ಲದ ಅಣುಗಳಲ್ಲಿ 3.3 ಮತ್ತು 11.3 ಪ್ರಬಲ, ಎಲೆಕ್ಟ್ರಾನ್ ಕಳೆದುಕೊಂಡವುಗಳಲ್ಲಿ 6ರಿಂದ 9 ಮೈಕ್ರಾನ್‌ವರೆಗಿನವು ಪ್ರಬಲ. 3.3 ಪಟ್ಟಿ ಬಲವಾಗಿದ್ದರೆ ಚಿಕ್ಕ ಅಣುಗಳು ಹೆಚ್ಚಿವೆ ಎಂದರ್ಥ, ಏಕೆಂದರೆ ಒಂದೇ ಫೋಟಾನಿನಿಂದ ಹೆಚ್ಚು ಕಾಯುವುದು ಚಿಕ್ಕ ಅಣುವೇ. ಪಕ್ಕದ 3.4 ಮೈಕ್ರಾನ್ ಪಟ್ಟಿ ಉಂಗುರವಲ್ಲದ, ಸರಪಳಿಯ ಇಂಗಾಲಕ್ಕೆ ಸೇರಿದ್ದು.

ಹೀಗೆ ಗಾತ್ರ, ವಿದ್ಯುದಂಶ, ಅಂಚಿನ ಆಕಾರ ಎಲ್ಲ ತಿಳಿದರೂ ನಿರ್ದಿಷ್ಟವಾಗಿ ಯಾವ ಪಿಎಎಚ್ ಎಂದು ಈ ಪಟ್ಟಿಗಳು ಹೇಳುವುದಿಲ್ಲ. ನೂರಾರು ಬಗೆಯ ಹಾಳೆಗಳೆಲ್ಲ ಅದೇ ಬಂಧಗಳಿಂದ ಆದವು. ಅವುಗಳ ಪಟ್ಟಿಗಳು ಒಂದರ ಮೇಲೊಂದು ಬಿದ್ದು ಒಂದೇ ಅಗಲ ಪಟ್ಟಿಯಾಗುತ್ತವೆ. ಮೊದಲ ಬಿಡಿ ಪಿಎಎಚ್‌ಗಳಿಗೆ ಹೆಸರು ದೊರೆತದ್ದು ರೇಡಿಯೊದಿಂದ: 2021ರಲ್ಲಿ ವೃಷಭ ರಾಶಿಯ ಒಂದು ಕಪ್ಪು ಮೋಡದಲ್ಲಿ ಇಂಡೀನ್ ಮತ್ತು ಸೈಯನೋ ಗುಂಪು ಅಂಟಿದ ನ್ಯಾಫ್ತಲೀನ್ ಪತ್ತೆಯಾದವು. ಸೈಯನೋ ಗುಂಪು ಅಣುವಿಗೆ ಬಲವಾದ ದ್ವಿಧ್ರುವ ಕೊಡುವುದರಿಂದ ರೇಡಿಯೊ ರೇಖೆ ಕಾಣುವಷ್ಟಾಯಿತು. ಕುಲವನ್ನು ಎಲ್ಲೆಡೆ ತೋರಿಸುವ ಅವಕೆಂಪು, ಕೆಲವು ಅಣುಗಳ ಹೆಸರನ್ನು ಹೇಳುವ ರೇಡಿಯೊ, ಎರಡೂ ಪರಸ್ಪರ ಪೂರಕ.

6. ಹೆಸರು ಖಚಿತವಾದ ಅಣುಗಳು

ಅವಕೆಂಪಿನಿಂದಲೇ ಹೆಸರು ಖಚಿತವಾದ ದೊಡ್ಡ ಅಣು ಫುಲ್ಲರೀನ್. ಕ್ರೋಟೊ, ಕರ್ಲ್ ಮತ್ತು ಸ್ಮಾಲಿ 1985ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ಕಂಡುಹಿಡಿದು 1996ರ ನೊಬೆಲ್ ಪಡೆದರು. 2010ರಲ್ಲಿ ಯಾನ್ ಕಾಮಿ ಮತ್ತು ಸಂಗಡಿಗರು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ರೋಹಿತದಲ್ಲಿ, ಟಿಸಿ 1 ಎಂಬ ಗ್ರಹಸದೃಶ ನೀಹಾರಿಕೆಯಲ್ಲಿ 7.0, 8.5, 17.4, 18.9 ಮೈಕ್ರಾನ್‌ಗಳ ನಾಲ್ಕೂ ಪಟ್ಟಿಗಳನ್ನು ಗುರುತಿಸಿದರು. ಇರಬೇಕಾದ ಪಟ್ಟಿಗಳು ನಾಲ್ಕೇ, ಕಂಡವೂ ನಾಲ್ಕು. ಬೇರೆ ಯಾವ ಅಣುವಿಗೂ ಈ ಜೋಡಣೆಯಿಲ್ಲ. ಸಮ್ಮಿತಿಯಿಂದ ಬಂದ ಮಿತಿಯೇ ಇಲ್ಲಿ ಖಚಿತತೆಗೆ ಕಾರಣವಾಯಿತು.

ಮರುವರ್ಷ ಈ ಶೋಧಕ್ಕೆ ಬೆಂಗಳೂರಿನಿಂದ ಒಂದು ಮಹತ್ವದ ಸೇರ್ಪಡೆಯಾಯಿತು. ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್, ಗಾರ್ಸಿಯಾ-ಹೆರ್ನಾಂಡೆಜ್ ಮತ್ತು ಡೇವಿಡ್ ಲ್ಯಾಂಬರ್ಟ್ ಸೇರಿ ಆರ್ ಕೊರೋನೆ ಬೊರಿಯಾಲಿಸ್ ಮಾದರಿಯ ನಕ್ಷತ್ರಗಳ ಸ್ಪಿಟ್ಜರ್ ರೋಹಿತಗಳನ್ನು ಪರಿಶೀಲಿಸಿದರು. ಇವು ಹೈಡ್ರೋಜನ್ ಬಹುಪಾಲು ಕಳೆದುಕೊಂಡ, ಇಂಗಾಲ ಹೇರಳವಾದ ನಕ್ಷತ್ರಗಳು. ಫುಲ್ಲರೀನ್ ಹುಟ್ಟಲು ಇದೇ ತಕ್ಕ ಜಾಗ ಎಂಬ ಎಣಿಕೆಯಿತ್ತು. ಆದರೆ ಹೆಚ್ಚಿನವುಗಳಲ್ಲಿ ಅದು ಕಾಣಲಿಲ್ಲ. ಕಂಡದ್ದು ಡಿವೈ ಸೆಂಟಾರಿಯಲ್ಲಿ, ಬಹುಶಃ ವಿ854 ಸೆಂಟಾರಿಯಲ್ಲೂ. ಆ ಗುಂಪಿನಲ್ಲಿ ಹೈಡ್ರೋಜನ್ ಹೆಚ್ಚು ಉಳಿಸಿಕೊಂಡವು ಇವೇ ಎರಡು. ಹೈಡ್ರೋಜನ್ ಬೆರೆತ ಇಂಗಾಲದ ದೂಳು ಒಡೆದು ಫುಲ್ಲರೀನ್ ಆಗಿರಬಹುದು ಎಂಬ ಸೂಚನೆ ಅಲ್ಲಿಂದ ಬಂತು. ಒಂದು ಪಟ್ಟಿ ಕಾಣದಿರುವುದೂ ರಸಾಯನದ ದಾರಿಯನ್ನು ತಿಳಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಬೆಂಜೀನ್ 2001ರಲ್ಲಿ ಐಎಸ್‌ಒ ಉಪಗ್ರಹದ ರೋಹಿತದಲ್ಲಿ, ಸಿಆರ್‌ಎಲ್ 618 ಎಂಬ ಸಾಯುತ್ತಿರುವ ನಕ್ಷತ್ರದ ಸುತ್ತ 14.85 ಮೈಕ್ರಾನ್ ಬಳಿ ಸಿಕ್ಕಿತು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಈ ಕೆಲಸವನ್ನು ಎಳೆಯ ನಕ್ಷತ್ರಗಳ ತಟ್ಟೆಗಳಿಗೆ ವಿಸ್ತರಿಸಿತು. ಗ್ರೋನಿಂಗೆನ್ ವಿಶ್ವವಿದ್ಯಾಲಯದ ಆದಿತ್ಯ ಅರಭಾವಿ ನೇತೃತ್ವದ ತಂಡ 2024ರಲ್ಲಿ, ಸೂರ್ಯನ ಹತ್ತನೇ ಒಂದರಷ್ಟು ರಾಶಿಯ ಐಎಸ್‌ಒ-ಚಾಐ 147 ಎಂಬ ನಕ್ಷತ್ರದ ತಟ್ಟೆಯಲ್ಲಿ ಬೆಂಜೀನ್ ಸೇರಿ ಹದಿಮೂರು ಇಂಗಾಲದ ಅಣುಗಳನ್ನು ವರದಿ ಮಾಡಿತು. ಸೌರವ್ಯೂಹದ ಹೊರಗೆ ಈಥೇನ್ ಮೊದಲ ಬಾರಿ ಸಿಕ್ಕಿದ್ದು ಅಲ್ಲಿಯೇ. ಬಿಸಿ ಅನಿಲದಲ್ಲಿ ಪ್ರತಿ ಅಣುವಿನ ಪಟ್ಟಿಯೂ ತಿರುಗುವಿಕೆಯಿಂದ ಸೂಕ್ಷ್ಮ ರೇಖೆಗಳಾಗಿ ಒಡೆಯುತ್ತದೆ. ಅಸಿಟಿಲೀನ್ 13.7, ಹೈಡ್ರೋಜನ್ ಸೈಯನೈಡ್ 14.0, ಬೆಂಜೀನ್ 14.85, ಡೈಅಸಿಟಿಲೀನ್ 15.9 ಮೈಕ್ರಾನ್ ಹೀಗೆ ಒತ್ತಾಗಿದ್ದರೂ, ಆ ಒಡೆದ ಆಕಾರದಿಂದ ಅಣುವನ್ನೂ ತಾಪವನ್ನೂ ಒಟ್ಟಿಗೆ ಓದಬಹುದು.

7. ಹಿಮದಲ್ಲಿ ಅಡಗಿದ ಅಣುಗಳು

ತಣ್ಣನೆಯ ಮೋಡದಲ್ಲಿ ಅಣುಗಳು ದೂಳಿನ ಕಣಗಳ ಮೇಲೆ ಹಿಮವಾಗಿ ಕೂರುತ್ತವೆ. ಹಿಂದಿನ ನಕ್ಷತ್ರದ ಅವಕೆಂಪು ಬೆಳಕು ಈ ಹಿಮದ ಮೂಲಕ ಬರುವಾಗ ಕೆಲವೆಡೆ ಹೀರಲ್ಪಡುತ್ತದೆ. ನೀರಿನ ಹಿಮ 3.05 ಮೈಕ್ರಾನ್‌ನಲ್ಲಿ, ಇಂಗಾಲದ ಡೈಆಕ್ಸೈಡ್ 4.27ರಲ್ಲಿ, ಇಂಗಾಲದ ಮಾನಾಕ್ಸೈಡ್ 4.67ರಲ್ಲಿ, ಮೆಥನಾಲ್ 3.53ರಲ್ಲಿ ತಗ್ಗುಗಳನ್ನು ಮೂಡಿಸುತ್ತವೆ. ಮೆಥನಾಲಿನ ಇನ್ನೊಂದು ಪಟ್ಟಿ 9.7 ಮೈಕ್ರಾನ್‌ನಲ್ಲಿ, ದೂಳಿನ ಸಿಲಿಕೇಟಿನ ಪ್ರಬಲ ಪಟ್ಟಿಯ ನಡುವೆ ಹುದುಗಿರುತ್ತದೆ.

ಮೆಥನಾಲಿಗಿಂತ ದೊಡ್ಡ ಅಣುಗಳ ಹಿಮದ ಪಟ್ಟಿಗಳು 6.8ರಿಂದ 8.6 ಮೈಕ್ರಾನ್‌ಗಳ ನಡುವೆ ಒತ್ತೊತ್ತಾಗಿವೆ: ಎಥನಾಲ್ 7.24, ಅಸಿಟಾಲ್ಡಿಹೈಡ್ 7.43. ಚಿಕ್ಕ ಅಣುವಾದ ಮೀಥೇನಿನ 7.67 ಮೈಕ್ರಾನ್ ಪಟ್ಟಿಯೂ ಅಲ್ಲೇ ಇದೆ. 2024ರಲ್ಲಿ ವೆಬ್‌ನ ಮಧ್ಯ ಅವಕೆಂಪು ಉಪಕರಣದಿಂದ ಎನ್‌ಜಿಸಿ 1333 ಐಆರ್‌ಎಎಸ್ 2ಎ ಮತ್ತು ಐಆರ್‌ಎಎಸ್ 23385+6053 ಎಂಬ ಎರಡು ಎಳೆಯ ನಕ್ಷತ್ರಗಳ ಸುತ್ತಲಿನ ಹಿಮದಲ್ಲಿ ಎಥನಾಲ್, ಅಸಿಟಾಲ್ಡಿಹೈಡ್, ಮೀಥೈಲ್ ಫಾರ್ಮೇಟ್ ಮೊದಲಾದವು ವರದಿಯಾದವು. ವಿನೆಗರಿನ ಹುಳಿಯಾದ ಅಸಿಟಿಕ್ ಆಮ್ಲದ ಸುಳಿವೂ ಸಿಕ್ಕಿತು. 2025ರಲ್ಲಿ ನಮ್ಮ ಗ್ಯಾಲಕ್ಸಿಯ ಹೊರಗೆ, ಸುಮಾರು 1,60,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಜೆಲ್ಲಾನಿಕ್ ಮೋಡದಲ್ಲೂ ಇಂಥ ಹಿಮದ ಅಣುಗಳು ಎಸ್‌ಟಿ6 ಎಂಬ ಎಳೆಯ ನಕ್ಷತ್ರದ ಸುತ್ತ ಗುರುತಾದವು.

ಅಸಿಟಿಕ್ ಆಮ್ಲ ಮತ್ತು ಮೀಥೈಲ್ ಫಾರ್ಮೇಟ್ ಎರಡರಲ್ಲೂ ಇರುವುದು ಎರಡು ಇಂಗಾಲ, ನಾಲ್ಕು ಹೈಡ್ರೋಜನ್, ಎರಡು ಆಮ್ಲಜನಕ. ತೂಕದಿಂದ ಇವನ್ನು ಬೇರ್ಪಡಿಸಲಾಗದು. ಪರಮಾಣುಗಳ ಜೋಡಣೆ ಬೇರೆಯಾದ್ದರಿಂದ ಕಂಪನ ಬೇರೆ, ಪಟ್ಟಿಯೂ ಬೇರೆ. ಬಂಧವನ್ನು ನೋಡುವ ಅವಕೆಂಪಿನ ಗುಣ ಇಲ್ಲಿ ಹೆಸರಿನವರೆಗೂ ಒಯ್ಯುತ್ತದೆ.

8. ಗುರುತು ಖಚಿತವಾಗಲು ಬೇಕಾದದ್ದು

ಒಂದು ಅಣುವಿಗೆ ಹೆಸರು ಕೊಡುವ ಮುನ್ನ ನಾಲ್ಕು ಸಂಗತಿಗಳು ಕೂಡಿಬರಬೇಕು. ಮೊದಲನೆಯದಾಗಿ, ಪ್ರಯೋಗಾಲಯದ ರೋಹಿತ ಅದೇ ಸ್ಥಿತಿಯದಾಗಿರಬೇಕು. ಶುದ್ಧ ಎಥನಾಲಿನ ಹಿಮ, ನೀರಿನೊಡನೆ ಬೆರೆತ ಎಥನಾಲಿನ ಹಿಮ ಎರಡರ ಪಟ್ಟಿಯ ಸ್ಥಾನವೂ ಅಗಲವೂ ಬೇರೆ. ಎರಡನೆಯದಾಗಿ, ಆ ಅಣುವಿನ ಒಂದೇ ಪಟ್ಟಿ ಕಂಡರೆ ಸಾಲದು. ಅಳತೆಯ ಮಿತಿಯೊಳಗೆ ಇರಬೇಕಾದ ಎಲ್ಲ ಪಟ್ಟಿಗಳೂ ತಕ್ಕ ಬಲದಲ್ಲಿ ಕಾಣಬೇಕು. ಮೂರನೆಯದಾಗಿ, ಲೆಕ್ಕ ಹಾಕಿದ ಪ್ರಮಾಣ ಆ ಪರಿಸರದ ರಸಾಯನಕ್ಕೆ ಒಗ್ಗಬೇಕು. ನಾಲ್ಕನೆಯದಾಗಿ, ಅದೇ ಜಾಗದಲ್ಲಿ ಬರಬಹುದಾದ ಬೇರೆ ಅಣುಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಫುಲ್ಲರೀನ್ ಇವೆಲ್ಲವನ್ನೂ ಪೂರೈಸುತ್ತದೆ. ಹಿಮದ ಎಥನಾಲ್ ಬಹುತೇಕ ಪೂರೈಸುತ್ತದೆ. 3.3 ಮೈಕ್ರಾನ್ ಪಟ್ಟಿ ಆರೋಮ್ಯಾಟಿಕ್ ಕುಲವನ್ನು ನಿಸ್ಸಂದೇಹವಾಗಿ ಸಾರುತ್ತದೆ, ಅಣುವಿನ ಹೆಸರನ್ನು ಹೇಳುವುದಿಲ್ಲ. ಈ ಶ್ರೇಣಿಯನ್ನು ಕಾಪಾಡಿಕೊಳ್ಳುವುದು ವಿಜ್ಞಾನದ ಪ್ರಾಮಾಣಿಕತೆ.

ಪ್ರಯೋಗಾಲಯದ ಪಾತ್ರ ರೋಹಿತ ಒದಗಿಸುವಲ್ಲಿಗೆ ಮುಗಿಯುವುದಿಲ್ಲ. ಅಣುಗಳು ಬಾಹ್ಯಾಕಾಶದ ಕಠಿಣ ವಿಕಿರಣದಲ್ಲಿ ಉಳಿಯುತ್ತವೆಯೇ ಎಂಬುದೂ ತಿಳಿಯಬೇಕು. ಕೊಲಾಬದ ಆವರಣದಲ್ಲೇ ಇರುವ ಪೆಲೆಟ್ರಾನ್ ವೇಗೋತ್ಕರ್ಷಕದಂಥ ಸೌಲಭ್ಯಗಳನ್ನು ಬಳಸಿ ಟಿಐಎಫ್‌ಆರ್‌ನ ವಿಜ್ಞಾನಿಗಳು ವೇಗದ ಅಯಾನುಗಳಿಂದ ಕೊರೊನೀನ್‌ನಂಥ ಪಿಎಎಚ್ ಅಣುಗಳನ್ನು ಬಡಿದು, ಅವುಗಳ ಎಲೆಕ್ಟ್ರಾನ್‌ಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ಅಳೆದಿದ್ದಾರೆ. ಇಪ್ಪತ್ತನಾಲ್ಕು ಇಂಗಾಲ, ಹನ್ನೆರಡು ಹೈಡ್ರೋಜನ್‌ಗಳ ಈ ಅಣುವಿನಲ್ಲಿ ಎಲೆಕ್ಟ್ರಾನ್‌ಗಳು ಒಟ್ಟಾಗಿ ಆಂದೋಲಿಸುವುದು ಕಂಡುಬಂದಿದೆ.

9. ಭಾರತದ ಉಪಕರಣಗಳ ಈಗಿನ ವ್ಯಾಪ್ತಿ

ಭಾರತದ ನೆಲದಿಂದ ಈಗ ಸಾವಯವ ಬಂಧಗಳ ಪೈಕಿ ಕೈಗೆಟಕುವುದು 3.3 ಮೈಕ್ರಾನ್ ಪಟ್ಟಿ. ಸ್ಪಿಟ್ಜರ್ ಮತ್ತು ವೈಸ್ ಉಪಗ್ರಹಗಳ ಪತ್ತೆಕಾರಕಗಳನ್ನು ತುಂಬಿ ತುಳುಕಿಸಿದ ಪ್ರಕಾಶಮಾನ ಮೂಲಗಳನ್ನು 3.59 ಮೈಕ್ರಾನ್‌ನಲ್ಲಿ ಅಳೆಯಲು ಟರ್‌ಕ್ಯಾಮ್-2 ತಕ್ಕದ್ದಾಗಿದೆ. ಇದರ ಮುಂದಿನ ಹೆಜ್ಜೆಯಾಗಿ ಟಿಐಎಫ್‌ಆರ್ ಗುಂಪು ಉಪಗ್ರಹಕ್ಕೆ ಐಆರ್‌ಎಸ್‌ಐಎಸ್ ಎಂಬ ಉಪಕರಣವನ್ನು ಪ್ರಸ್ತಾಪಿಸಿದೆ. 30 ಸೆಂಟಿಮೀಟರ್ ದೂರದರ್ಶಕ ಮತ್ತು ಅವಕೆಂಪು ತಂತುಗಳ ಕಟ್ಟಿನ ಮೂಲಕ 1.7ರಿಂದ 6.4 ಮೈಕ್ರಾನ್‌ವರೆಗೆ ಆಕಾಶದ ವಿಶಾಲ ಭಾಗಗಳ ರೋಹಿತ ತೆಗೆಯುವುದು ಅದರ ಉದ್ದೇಶ. ಆ ವ್ಯಾಪ್ತಿಯಲ್ಲಿ 3.3 ಮತ್ತು 6.2 ಮೈಕ್ರಾನ್‌ಗಳ ಆರೋಮ್ಯಾಟಿಕ್ ಪಟ್ಟಿಗಳು, ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಮಾನಾಕ್ಸೈಡ್ ಹಿಮಗಳು, ಮೆಥನಾಲಿನ 3.53 ಮೈಕ್ರಾನ್ ಪಟ್ಟಿ ಸೇರುತ್ತವೆ. ವೆಬ್ ಕೆಲವೇ ತಾಣಗಳನ್ನು ಅತಿ ಸೂಕ್ಷ್ಮವಾಗಿ ನೋಡುತ್ತದೆ. ಇಂಥ ಸಮೀಕ್ಷೆ ಅನೇಕ ತಾಣಗಳನ್ನು ಸ್ಥೂಲವಾಗಿ ನೋಡಿ, ಯಾವ ಬಂಧ ಎಲ್ಲೆಲ್ಲಿ ಹರಡಿದೆ ಎಂಬ ನಕ್ಷೆ ಕೊಡುತ್ತದೆ. ಅಣುವಿನ ಹೆಸರು ಖಚಿತಪಡಿಸುವುದು ದೊಡ್ಡ ದೂರದರ್ಶಕ, ರೇಡಿಯೊ ಮತ್ತು ಪ್ರಯೋಗಾಲಯ ಮೂರೂ ಸೇರಿ ಮಾಡುವ ಕೆಲಸ. ಅವು ಎಲ್ಲಿ ನೋಡಬೇಕೆಂಬುದನ್ನು ಬಂಧದ ನಕ್ಷೆ ಹೇಳುತ್ತದೆ.